ಹೆಬ್ಬೆಟ್ಟಿಗೆ ಓಟಿಪಿ ಇಲ್ಲ. ಜೆರಾಕ್ಸ್ ಕೇಳುವವರಿಗೂ ಕಟ್ಟುಪಾಡು ಇರಲಿ

ಸಂಪಾದಕರಿಗೆ,

ಮಾನ್ಯರೇ,

2023ರ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ನಮ್ಮ ಭಾವ ಮಂಗಳೂರಿನಿಂದ ಪಾಸ್‌ಬುಕ್ ಹಿಡಿದುಕೊಂಡು ಉಡುಪಿಯ ನಮ್ಮ ಮನೆಗೆ ಬಂದರು. ಅವರಿಗೆ ಎಪ್ಪತ್ತೆರಡು ವರ್ಷ. ಕೈಯಲ್ಲಿ ಗುಂಡಿ ಒತ್ತುವ ಹಳೆಯ ಫೋನ್. ಎಟಿಎಂ ಕಾರ್ಡನ್ನು ಬ್ಯಾಂಕಿನವರು ಕೊಟ್ಟ ಲಕೋಟೆಯಿಂದ ಹೊರಗೇ ತೆಗೆದವರಲ್ಲ. ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರುವುದು ಅವರ ಕ್ರಮ. ಆ ಸಲದ ಎಂಟ್ರಿಯಲ್ಲಿ ಒಂದರ ಕೆಳಗೊಂದು ಎರಡು ಸಾಲುಗಳಿದ್ದವು. ಎರಡರಲ್ಲೂ ₹10,000 ಖರ್ಚು, ಪಕ್ಕದಲ್ಲಿ 'ಎಇಪಿಎಸ್' ಎಂಬ ಅಕ್ಷರಗಳು. "ಮಾರಾಯ, ಇದು ಯಾರು? ಇವರಿಗೆ ನಾನು ಯಾವಾಗ ಚೆಕ್ ಕೊಟ್ಟದ್ದು?" ಎಂದು ಅವರು ಕೇಳಿದಾಗ ನನಗೆ ನಗು ಬರಲಿಲ್ಲ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನಿಗೆ ಆ ಅಕ್ಷರಗಳ ಅರ್ಥ ಗೊತ್ತಿತ್ತು.

ಶಾಖೆಯಲ್ಲಿ ಅವರಿಗೆ ಸಿಕ್ಕಿದ ಉತ್ತರ ಚಿಕ್ಕದು: "ಹೆಬ್ಬೆಟ್ಟು ನಿಮ್ಮದೇ ಬಿದ್ದಿದೆ, ಹಣ ನೀವೇ ತೆಗೆದಿರಬೇಕು." ಯಾವ ಬ್ಯಾಂಕು ಎಂದು ನಾನಿಲ್ಲಿ ಬರೆಯುವುದಿಲ್ಲ. ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಮೊದಲಿಗೆ ಅದೇ ಮಾತನ್ನು ಹೇಳುತ್ತಿದ್ದೆನೇನೋ ಎಂಬ ಅನುಮಾನ ನನಗಿದೆ. ಯಂತ್ರದ ಪರದೆಯಲ್ಲಿ 'ಯಶಸ್ವಿ' ಎಂದು ಕಂಡ ಮೇಲೆ ಎದುರಿಗೆ ನಿಂತ ಮನುಷ್ಯನ ಮಾತಿಗೆ ನಮ್ಮ ಕೌಂಟರ್‌ಗಳಲ್ಲಿ ಬೆಲೆ ಕಡಿಮೆ.

ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಎನ್ನುವ ಈ ಎಇಪಿಎಸ್‌ನಲ್ಲಿ ಹಣ ತೆಗೆಯಲು ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿಯೂ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು, ಈ ಮೂರಿದ್ದರೆ ದೇಶದ ಯಾವ ಮೂಲೆಯಲ್ಲಾದರೂ ಒಂದು ಬಾರಿಗೆ ₹10,000ದವರೆಗೆ ನಗದು ಕೈಗೆ ಬರುತ್ತದೆ. ಎಟಿಎಂ ಇಲ್ಲದ ಹಳ್ಳಿಗಳಲ್ಲಿ ವೃದ್ಧಾಪ್ಯ ವೇತನ ಪಡೆಯುವವರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಸೌಲಭ್ಯ ಬೇಕು ಎಂದು ಭಾವ ಯಾರನ್ನೂ ಕೇಳಿರಲಿಲ್ಲ. ಆಧಾರ್ ಜೋಡಣೆಯಾದ ಖಾತೆಗೆ ಅದು ಸಾಮಾನ್ಯವಾಗಿ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ.

ಆ ವರ್ಷ ಅವರು ಮಾಡಿದ್ದ ಒಂದೇ ದೊಡ್ಡ ವ್ಯವಹಾರವೆಂದರೆ ಹನ್ನೆರಡು ಸೆಂಟ್ಸ್ ಜಾಗ ಮಾರಿ ಕ್ರಯಪತ್ರ ನೋಂದಣಿ ಮಾಡಿಸಿದ್ದು. ಅದೇ ತಿಂಗಳುಗಳಲ್ಲಿ ಮಂಗಳೂರಿನಲ್ಲಿ ಜಾಗದ ನೋಂದಣಿ ಮಾಡಿಸಿಕೊಂಡು ಬಂದ ಹಲವರ ಖಾತೆಗಳಿಂದ ಇದೇ ರೀತಿ ಹಣ ಹೋದದ್ದು, ಪೊಲೀಸರು ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದದ್ದು ತಮ್ಮ ಓದುಗರಿಗೆ ನೆನಪಿರಬಹುದು. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ 'ಕಾವೇರಿ' ಜಾಲತಾಣದಿಂದ ಕ್ರಯಪತ್ರಗಳ ಪ್ರತಿಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನು ಬಳಸಿ, ಆ ಗುರುತಿನಿಂದ ಬೆರಳಿನ ಅಚ್ಚು ತಯಾರಿಸಿ ಹಣ ತೆಗೆಯಲಾಗಿತ್ತು ಎಂಬುದು ಆಗ ಹೊರಬಂದ ಸಂಗತಿ. ಆ ಬಳಿಕ ಜಾಲತಾಣದಲ್ಲಿ ಸಿಗುವ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮಾಡುವ ಕ್ರಮವನ್ನು ಇಲಾಖೆ ಕೈಗೊಂಡಿತು. ಭಾವನ ಹಣವೂ ಅದೇ ದಾರಿಯಲ್ಲಿ ಹೋಯಿತು ಎಂದು ನಾನು ಸಾಧಿಸಲಾರೆ. ಆದರೆ ಅವರ ಕಡೆಯಿಂದ ಒಂದೇ ಒಂದು ತಪ್ಪು ನಡೆದಿತ್ತು ಎಂದು ಸಾಧಿಸಲು ಬೇರೆಯವರಿಗೂ ಆಗಲಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡೂ ಜಿಲ್ಲೆಗಳಲ್ಲಿ ಶಾಲೆಯ ಸಭೆಯಿರಲಿ, ಯುವಕ ಮಂಡಲದ ವಾರ್ಷಿಕೋತ್ಸವವಿರಲಿ, ಸೈಬರ್ ಅಪರಾಧದ ಬಗ್ಗೆ ಮಾತನಾಡಲು ಬಂದವರೆಲ್ಲ ಹೇಳುವುದು ಒಂದೇ: ಓಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ, ಆಸೆಗೆ ಬೀಳಬೇಡಿ. ಇದು ಬೇಕಾದ ಮಾತೇ, ಸಂಶಯವಿಲ್ಲ. ಆದರೆ ಇದರಲ್ಲಿ ಕಳೆದುಕೊಂಡವನೇ ತಪ್ಪಿತಸ್ಥ ಎಂಬ ಧ್ವನಿಯಿದೆ. ನಮ್ಮ ಗುರುತಿನ ದಾಖಲೆಗಳು ನಮ್ಮ ಅಜಾಗ್ರತೆಯಿಂದ ಮಾತ್ರ ಸೋರಿಹೋಗುತ್ತಿಲ್ಲ. ಕೊಡದಿದ್ದರೆ ಕೆಲಸವಾಗದು ಎಂಬ ಕಾರಣಕ್ಕೆ ನಾವು ಕೌಂಟರ್‌ನಿಂದ ಕೌಂಟರ್‌ಗೆ ಕೊಟ್ಟು ಬಂದ ಪ್ರತಿಗಳಿಂದ ಸೋರುತ್ತಿವೆ. ಕೊಡುವವನಿಗೆ ಉಪದೇಶ ಮಾಡುವ ವ್ಯವಸ್ಥೆ ಕೇಳಿ ಪಡೆಯುವವನನ್ನು ಏನನ್ನೂ ಕೇಳುತ್ತಿಲ್ಲ.

ಮೊನ್ನೆ ನನ್ನ ಪಿಂಚಣಿಯ ಕಾಗದವೊಂದರ ಪ್ರಿಂಟ್ ತೆಗೆಸಲು ತಾಲೂಕು ಕಚೇರಿಯ ಸಮೀಪದ ಒಂದು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. "ಈ ನಂಬರಿಗೆ ವಾಟ್ಸ್ಆ್ಯಪ್ ಮಾಡಿ ಸರ್" ಎಂದು ಗಾಜಿಗೆ ಅಂಟಿಸಿದ್ದ ಚೀಟಿಯನ್ನು ಹುಡುಗ ತೋರಿಸಿದ. ಕಳಿಸಿದೆ. ಕಂಪ್ಯೂಟರಿನ ಪರದೆ ಗಿರಾಕಿಗಳ ಕಡೆಗೇ ತಿರುಗಿತ್ತು. ನನ್ನ ಕಾಗದ ಹುಡುಕುವುದಕ್ಕೆ ಅವನು ಕೆಳಕ್ಕೆ ಸರಿಸುತ್ತ ಹೋದಂತೆ ಬೇರೆ ಬೇರೆ ಹೆಸರಿನ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಯಾರೋ ಹೆಣ್ಣುಮಗಳ ಪಾಸ್‌ಪೋರ್ಟ್, ಒಂದು ಮಗುವಿನ ಜನನ ಪ್ರಮಾಣಪತ್ರ ಎಲ್ಲವೂ ಸಾಲಾಗಿ ಹಾದುಹೋದವು. ಮೇಜಿನ ಮೇಲೆ ಕೆಟ್ಟ ಪ್ರಿಂಟುಗಳ ಹಾಳೆಗಳನ್ನು ನಾಲ್ಕು ಭಾಗ ಮಾಡಿ ಮೂಲೆಗೆ ದಾರ ಕಟ್ಟಿಟ್ಟಿದ್ದ. ಅದರ ಖಾಲಿ ಬೆನ್ನಿನಲ್ಲಿ ಅವನು ಲೆಕ್ಕ ಬರೆದು ಹರಿದು ಕೊಟ್ಟ ಚೀಟಿಯಲ್ಲಿ 'ಹದಿನಾಲ್ಕು ರೂಪಾಯಿ' ಎಂದಿತ್ತು. ತಿರುಗಿಸಿದರೆ ಯಾರದ್ದೋ ವಿಳಾಸ, ಹುಟ್ಟಿದ ದಿನಾಂಕ ಮತ್ತು ಆಧಾರಿನ ಮೊದಲ ಎಂಟು ಅಂಕಿಗಳು. ಹುಡುಗ ಕೆಟ್ಟವನಲ್ಲ. ಕಾಗದ ದಂಡವಾಗಬಾರದು ಎಂಬ ನಮ್ಮೂರಿನ ಮಿತವ್ಯಯದ ಬುದ್ಧಿ ಅದು, ನನ್ನಲ್ಲೂ ಇದೆ. ನನ್ನ ಫೈಲನ್ನು ಅಳಿಸು ಎಂದಾಗ ಕೂಡಲೇ ಅಳಿಸಿದ. ಕಸದ ಬುಟ್ಟಿಯ ಚಿತ್ರವನ್ನು ತೆರೆದು ಅಲ್ಲಿಂದಲೂ ತೆಗೆ ಎಂದಾಗ ಮಾತ್ರ, ಇಷ್ಟೆಲ್ಲ ಕೇಳುವವರು ಯಾರೂ ಇಲ್ಲ ಸರ್ ಎಂದ.

ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇರುತ್ತದಲ್ಲ ಎಂದು ಕೆಲವರು ಹೇಳಬಹುದು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ: ಈ ಸೂತ್ರ ಊರಿನ ಪ್ರತಿಯೊಂದು ಸೈಬರ್ ಅಂಗಡಿಯವನಿಗೂ ಬಾಯಿಪಾಠ. ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಅದೇ ಬಾಗಿಲಿನ ಮೊಳೆಗೆ ತೂಗುಹಾಕಿದ ಹಾಗೆ.

ಇಷ್ಟೆಲ್ಲ ಪ್ರತಿಗಳನ್ನು ಪಡೆದುಕೊಳ್ಳುವವರಿಗೆ ಅದರಿಂದ ಆಗುವ ಪ್ರಯೋಜನವಾದರೂ ಏನು? ಆಧಾರಿನ ಜೆರಾಕ್ಸ್ ಏನನ್ನೂ ದೃಢಪಡಿಸುವುದಿಲ್ಲ. ಕಾರ್ಡಿನ ಮೇಲಿನ ಕ್ಯೂಆರ್ ಕೋಡಿನಲ್ಲಿ ಆಧಾರ್ ಕೊಡುವ ಪ್ರಾಧಿಕಾರದ ಡಿಜಿಟಲ್ ಸಹಿ ಇದೆ. ಅದನ್ನು ಸ್ಕ್ಯಾನ್ ಮಾಡಿದರೆ ಕಾರ್ಡ್ ಅಸಲಿಯೋ ನಕಲಿಯೋ ಎಂಬುದು ತಿಳಿಯುತ್ತದೆ. ಜೆರಾಕ್ಸ್ ಮಾಡಿ ಫೈಲಿಗೆ ಪಂಚ್ ಮಾಡಿಟ್ಟರೆ ತಿಳಿಯುವುದು 'ಇವರು ಒಂದು ಕಾಗದ ಕೊಟ್ಟಿದ್ದಾರೆ' ಎಂಬುದಷ್ಟೇ. ಆದರೂ ರಥಬೀದಿಯ ಆಸುಪಾಸಿನ ವಸತಿಗೃಹಗಳಿಂದ ಹಿಡಿದು ಮಣಿಪಾಲದ ಪಿಜಿಗಳವರೆಗೆ, ಬಾಡಿಗೆ ಮನೆಯ ದಲ್ಲಾಳಿಯಿಂದ ಕೊಲ್ಲಿ ರಾಷ್ಟ್ರಗಳಿಗೆ ಜನ ಕಳಿಸುವ ಏಜೆಂಟರವರೆಗೆ, ಎಲ್ಲರಿಗೂ 'ಒಂದು ಕಾಪಿ' ಬೇಕು. ವಸ್ತುಪ್ರದರ್ಶನದ ಲಕ್ಕಿ ಡ್ರಾ ಪೆಟ್ಟಿಗೆಗೆ ಹೆಸರು, ಫೋನ್ ನಂಬರ್, ಜನ್ಮದಿನ ಬರೆದು ಹಾಕುವುದಂತೂ ನಮ್ಮಲ್ಲಿ ಮಕ್ಕಳ ಆಟವಾಗಿದೆ. ಅದರಲ್ಲಿ ಬಹುಮಾನ ಬಂದವರನ್ನು ನಾನಿನ್ನೂ ನೋಡಿಲ್ಲ.

ನಾನು ಬ್ಯಾಂಕಿಗೆ ಸೇರಿದ ಕಾಲಕ್ಕೆ ಖಾತೆ ತೆರೆಯಲು ಬೇಕಾಗಿದ್ದದ್ದು ಒಬ್ಬ ಪರಿಚಯದಾರನ ಸಹಿ. ಈ ಜಿಲ್ಲೆಗಳ ಬ್ಯಾಂಕಿಂಗ್ ಬೆಳೆದದ್ದೇ ಹಾಗೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಆರಂಭಿಸಿದಾಗ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದವನಿಗೆ ಆ ಮನೆಯವರ ಮುಖವೇ ದಾಖಲೆಯಾಗಿತ್ತು. ಆ ಕಾಲ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ; ಪರಿಚಯದ ಹೆಸರಿನಲ್ಲಿ ಬಡವರನ್ನೂ ಹೊರಗಿನವರನ್ನೂ ಬಾಗಿಲಲ್ಲೇ ನಿಲ್ಲಿಸಿದ್ದುಂಟು. ಆದರೆ ಮುಖ ಹೋಗಿ ಕಾಗದ ಬಂದ ಮೇಲೆ ಆ ಕಾಗದವನ್ನು ಕಾಯುವ ಹೊಣೆಯೂ ಅದರೊಂದಿಗೆ ಬರಬೇಕಿತ್ತು. ಕ್ಯಾಷ್ ಪೆಟ್ಟಿಗೆಗೆ ಎರಡು ಕೀಲಿಕೈ, ಇಬ್ಬರು ಅಧಿಕಾರಿಗಳು. ಗಿರಾಕಿಗಳ ಗುರುತು, ವಿಳಾಸ ತೋರಿಸುವ ಕೆವೈಸಿ ಕಾಗದಗಳಿಗೆ ಮಾತ್ರ ಮೆಟ್ಟಿಲ ಕೆಳಗಿನ ತೆರೆದ ಕಪಾಟು. ಇದನ್ನು ನಾನು ಕಂಡಿದ್ದೇನೆ, ಕಂಡೂ ಸುಮ್ಮನಿದ್ದೇನೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಸರ್ಕಾರಕ್ಕೆ ಈ ವಿಷಯ ಹೊಸದಲ್ಲ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು 2022ರ ಮೇ 27ರಂದು, ಆಧಾರಿನ ಜೆರಾಕ್ಸ್ ಪ್ರತಿಯನ್ನು ಎಲ್ಲೆಂದರಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನು ಕೊಡಿ ಎಂಬ ಪ್ರಕಟಣೆ ಹೊರಡಿಸಿತ್ತು. ಎರಡೇ ದಿನಗಳಲ್ಲಿ, ಮೇ 29ರಂದು, ತಪ್ಪು ಅರ್ಥಕ್ಕೆ ಎಡೆಯಾಗುತ್ತದೆ ಎಂಬ ಕಾರಣ ಕೊಟ್ಟು ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಲಾಯಿತು. ಜನರು 'ಸಾಮಾನ್ಯ ವಿವೇಚನೆ' ಬಳಸಿದರೆ ಸಾಕು ಎಂದಾಯಿತು. ಎಚ್ಚರಿಕೆ ಹಿಂದೆ ಹೋಯಿತು, ಮಾಸ್ಕ್ ಮಾಡಿದ ಆಧಾರ್ ಮಾತ್ರ ಪ್ರಾಧಿಕಾರದ ಜಾಲತಾಣದಲ್ಲಿ ಈಗಲೂ ಸಿಗುತ್ತದೆ. ಆದರೆ ಅದನ್ನು ಒಯ್ದು ಕೊಟ್ಟರೆ "ಇದು ಆಗುವುದಿಲ್ಲ, ಫುಲ್ ನಂಬರ್ ಇರುವುದು ತನ್ನಿ" ಎಂದು ಹಿಂದಿರುಗಿಸುತ್ತಾರೆ. ಮಂಗಳೂರಿನ ಒಂದು ವಸತಿಗೃಹದಲ್ಲಿ ನನಗೇ ಹಾಗಾಯಿತು. ಕೊನೆಗೆ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಕೋಣೆ ಪಡೆದೆ.

ಕಾನೂನಿನ ಬಲವೂ ಇಲ್ಲದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಅರ್ಜಿಯನ್ನು ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇನ್ನೊಬ್ಬರ ಪಾಸ್‌ವರ್ಡ್, ವಿದ್ಯುನ್ಮಾನ ಸಹಿ ಅಥವಾ ಗುರುತಿನ ಲಕ್ಷಣವನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಮೂರು ವರ್ಷಗಳವರೆಗಿನ ಜೈಲು ಮತ್ತು ₹1 ಲಕ್ಷದವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಆದರೆ ಅದು ಕದ್ದವನಿಗೆ. ಕದಿಯಲು ಸಿಗುವಂತೆ ಇಟ್ಟವನಿಗೆ ಏನು ಎಂಬ ಪ್ರಶ್ನೆಗೆ ಉತ್ತರವಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಸುರಕ್ಷತೆಯಲ್ಲಿ ಲೋಪವಾದರೆ ₹250 ಕೋಟಿವರೆಗೆ ದಂಡ ಎಂದಿತು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಮುಖ್ಯ ಕಟ್ಟಲೆಗಳು ಜಾರಿಗೆ ಬರಲು ಮತ್ತೂ ಹದಿನೆಂಟು ತಿಂಗಳ ಕಾಲಾವಕಾಶ. ಕಾಯ್ದೆಯ ಹೆಸರೇ ಡಿಜಿಟಲ್ ಎಂದಿರುವುದರಿಂದ ದಾರ ಕಟ್ಟಿದ ಆ ಜೆರಾಕ್ಸ್ ಚೀಟಿಗಳ ಕಂತೆ ಅದರ ವ್ಯಾಪ್ತಿಗೇ ಬರುವುದಿಲ್ಲ. ದೆಹಲಿಯ ಕಾಯ್ದೆ ತಾಲೂಕು ಕಚೇರಿಯ ಪಕ್ಕದ ಮೇಜಿನವರೆಗೆ ತಲುಪಲು ಸ್ಥಳೀಯ ಆಡಳಿತದ ಕೈ ಬೇಕು.

ಭಾವನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಅದರಲ್ಲಿ ಇತರರಿಗೆ ಉಪಯೋಗವಾಗುವ ಒಂದೆರಡು ಸಂಗತಿಗಳಿವೆ. ಹಣ ಹೋದ ಎಸ್ಎಂಎಸ್ ಅವರಿಗೆ ಬಂದಿರಲಿಲ್ಲ. ಖಾತೆಗೆ ಜೋಡಿಸಿದ್ದದ್ದು ಎಂದೋ ಬಂದ್ ಆದ ನಂಬರು. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರೆ ಮುಂದಿನ ಖಾತೆಗಳಲ್ಲಿ ತಡೆಹಿಡಿಯುವ ಸಾಧ್ಯತೆಯಾದರೂ ಇರುತ್ತಿತ್ತು. ನಮಗೆ ತಿಳಿದದ್ದೇ ತಿಂಗಳು ಕಳೆದ ಮೇಲೆ. ಆದರೂ ಪೊಲೀಸ್ ದೂರಿನ ಪ್ರತಿಯೊಂದಿಗೆ, ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಉಲ್ಲೇಖಿಸಿ ಬ್ಯಾಂಕಿಗೆ ಬರೆದೆವು. ತಪ್ಪು ಬ್ಯಾಂಕಿನದ್ದೂ ಅಲ್ಲದೆ ಗಿರಾಕಿಯದ್ದೂ ಅಲ್ಲದೆ ವ್ಯವಸ್ಥೆಯ ಬೇರೆಲ್ಲೋ ಇದ್ದಾಗ, ಮಾಹಿತಿ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಯ ಹೊಣೆ ಶೂನ್ಯ ಎಂದು ಅದು ಹೇಳುತ್ತಿತ್ತು. ಗಿರಾಕಿಯೇ ತಪ್ಪು ಮಾಡಿದ್ದಾನೆ ಎಂದಾದರೆ ಅದನ್ನು ರುಜುವಾತುಪಡಿಸುವ ಭಾರ ಬ್ಯಾಂಕಿನ ಮೇಲಿದೆ ಎಂದೂ ಹೇಳುತ್ತಿತ್ತು. ತೊಂಬತ್ತು ದಿನಗಳಲ್ಲಿ ಇತ್ಯರ್ಥವಾಗಬೇಕಾದದ್ದು ಐದನೆಯ ತಿಂಗಳಿಗೆ ಆಯಿತು, ಇಪ್ಪತ್ತು ಸಾವಿರ ಮರಳಿ ಬಂತು. ಮನೆಯಲ್ಲಿ ಒಬ್ಬ ನಿವೃತ್ತ ಬ್ಯಾಂಕಿನವನಿಲ್ಲದ ಎಷ್ಟು ಮಂದಿ ಆ ಸುತ್ತೋಲೆಯ ತಾರೀಕು ಬರೆದು ಪತ್ರ ಹಾಕಿಯಾರು?

ಬಳಿಕ ಅವರ ಮೊಬೈಲನ್ನು ಆಧಾರಿಗೆ ಜೋಡಿಸಿ ಬೆರಳಚ್ಚಿಗೆ ಬೀಗ ಹಾಕಿಸಿದೆ. ಪ್ರಾಧಿಕಾರದ ಜಾಲತಾಣದಲ್ಲಿ ಖರ್ಚಿಲ್ಲದೆ ಆಗುವ ಕೆಲಸ ಇದು. ಬೀಗ ಹಾಕಿದ ಮೇಲೆ ಆ ಬೆರಳಚ್ಚನ್ನು ಯಾರು ಎಲ್ಲಿ ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ಯಾರು ಒತ್ತಿದರೂ ಎಂದರೆ ಭಾವ ಒತ್ತಿದರೂ! ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಚೀಲ ಹಿಡಿದು ನಾಲ್ಕು ಸಲ ಹೆಬ್ಬೆಟ್ಟು ಒತ್ತಿ, ಒರೆಸಿ, ಮತ್ತೆ ಒತ್ತಿ ಬರಿಗೈಯಲ್ಲಿ ಹಿಂದೆ ಬಂದರು. ತಾತ್ಕಾಲಿಕವಾಗಿ ಬೀಗ ತೆರೆಯುವುದು ಹೇಗೆಂದು ಅಕ್ಕನಿಗೆ ಕಲಿಸಿದ ಮೇಲೆ ಸಮಸ್ಯೆ ತೀರಿತು. ಬೀಗ ಹಾಕಿಸಿ ಎಂದು ಉಪದೇಶ ಮಾಡುವವರು ರೇಷನ್ ಅಂಗಡಿಯ ಈ ಕಷ್ಟವನ್ನೂ ಜೊತೆಗೇ ಹೇಳಬೇಕು. ಇಲ್ಲದಿದ್ದರೆ ಒಮ್ಮೆ ಹಿಂದೆ ಬಂದವರು ಬೀಗವನ್ನೇ ತೆಗೆಸಿಬಿಡುತ್ತಾರೆ.

ಇನ್ನು ಪ್ಯಾನ್ ಮತ್ತು ಸಿಮ್. ಪ್ಯಾನ್ ಪ್ರತಿಯಿಂದ ಬೇರೆಯವರು ಸಾಲ ಎತ್ತಿದರೆ ಅದು ಮೊದಲು ಕಾಣುವುದು ಸಾಲದ ವರದಿಯಲ್ಲಿ. ನಮ್ಮ ಸಾಲಗಳ ಲೆಕ್ಕವಿಡುವ, ಸಿಬಿಲ್ ಸೇರಿದಂತೆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕೆಂಬ ನಿಯಮ 2017ರಿಂದ ಇದೆ. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ತಾಣದಲ್ಲಿ ನೋಡಿ, ನಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬಹುದು. ನನ್ನ ಮಗನ ಹೆಸರಿನಲ್ಲಿ ಅವನಿಗೇ ಗೊತ್ತಿಲ್ಲದ ಒಂದು ನಂಬರ್ ಸಿಕ್ಕಿತು. ಸಿಮ್ ಕೊಳ್ಳುವಾಗ "ಬೆರಳು ಸರಿ ಬರಲಿಲ್ಲ, ಇನ್ನೊಮ್ಮೆ ಇಡಿ" ಎಂದು ಅಂಗಡಿಯವ ಹೇಳಿದ್ದು ಅವನಿಗೆ ಆಮೇಲೆ ನೆನಪಾಯಿತು.

ನನ್ನ ಕೋರಿಕೆ ಎರಡೂ ಜಿಲ್ಲೆಗಳ ಆಡಳಿತಕ್ಕೆ. ಜೆರಾಕ್ಸ್ ಮತ್ತು ಸೈಬರ್ ಅಂಗಡಿಗಳಿಗೆ, ವಸತಿಗೃಹ ಮತ್ತು ಪಿಜಿಗಳಿಗೆ ಪಾಲಿಕೆ, ನಗರಸಭೆ, ಪಂಚಾಯತ್‌ಗಳು ಉದ್ಯಮ ಪರವಾನಗಿ ಕೊಡುವಾಗ ಬೆಂಕಿ ನಂದಿಸುವ ಉಪಕರಣ ಇದೆಯೇ ಎಂದು ಕೇಳುವಂತೆಯೇ, ಗಿರಾಕಿಗಳ ದಾಖಲೆಗಳನ್ನು ದಿನದ ಕೊನೆಗೆ ಅಳಿಸುತ್ತೀರಾ, ಕೆಟ್ಟ ಪ್ರತಿಗಳನ್ನು ಚೂರು ಮಾಡುತ್ತೀರಾ, ಮಾಸ್ಕ್ ಮಾಡಿದ ಆಧಾರನ್ನು ಒಪ್ಪುತ್ತೀರಾ ಎಂಬುದನ್ನೂ ಷರತ್ತಾಗಿ ಬರೆಸಿಕೊಳ್ಳಲಿ. ಕಾಗದ ಚೂರು ಮಾಡುವ ಸಣ್ಣ ಯಂತ್ರ ಒಂದು ಪ್ರಿಂಟರಿಗಿಂತ ದುಬಾರಿಯೇನಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಹೆಬ್ಬೆಟ್ಟು ಪಡೆದ ದಿನವೇ, ಬೆರಳಚ್ಚಿಗೆ ಬೀಗ ಹಾಕುವ ಮತ್ತು ತೆರೆಯುವ ವಿಧಾನವನ್ನು ಕನ್ನಡದಲ್ಲಿ ಮುದ್ರಿಸಿದ ಒಂದು ಚೀಟಿಯನ್ನು ಕ್ರಯಪತ್ರದ ಜೊತೆಗೆ ಕೊಡಲಿ.

ಬ್ಯಾಂಕುಗಳ ಮಟ್ಟಿಗೆ ಹೇಳುವುದಾದರೆ, ಮೂರು ತಿಂಗಳಿಗೊಮ್ಮೆ ನಡೆಯುವ ಜಿಲ್ಲಾ ಮಟ್ಟದ ಬ್ಯಾಂಕಿಂಗ್ ಪರಿಶೀಲನಾ ಸಭೆಯಲ್ಲಿ ಆದ್ಯತಾ ವಲಯದ ಸಾಲದ ಅಂಕಿಅಂಶ ಓದಿ ಚಹಾ ಕುಡಿದು ಏಳುವುದು ವಾಡಿಕೆ. ನಾನೂ ಆ ಕುರ್ಚಿಗಳಲ್ಲಿ ಕೂತು ಎದ್ದವನೇ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಎರಡು ಪ್ರಶ್ನೆಗಳನ್ನು ಸೇರಿಸಬೇಕೆಂದು ಕೋರುತ್ತೇನೆ: ಎಇಪಿಎಸ್ ಬೇಡವೆನ್ನುವ ಗಿರಾಕಿಗೆ ಅದನ್ನು ನಿಲ್ಲಿಸುವ ಅರ್ಜಿ ಎಷ್ಟು ಶಾಖೆಗಳ ಕೌಂಟರಿನಲ್ಲಿ ಕನ್ನಡದಲ್ಲಿ ಸಿಗುತ್ತದೆ, ಮತ್ತು ಮುಚ್ಚಿದ ಖಾತೆಗಳ ಕೆವೈಸಿ ಕಾಗದಗಳು ಈಗ ಯಾವ ಕೋಣೆಯಲ್ಲಿ, ಯಾರ ಕೀಲಿಕೈಯಲ್ಲಿ ಇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ,
ಅಂಬಲಪಾಡಿ, ಉಡುಪಿ